ಅಪ್ಪನ ಬಗ್ಗೆ ಬರೆಯುವ ಮುನ್ನ

ವರ್ಷದ ತಿಥಿಗೆ ಅಪ್ಪನ ನೆನಪಿನಲ್ಲೊಂದು ಪುಸ್ತಿಕೆ ತರಬೇಕೆಂದು ಅಣ್ಣ ತಂಗಿ ಇಬ್ಬರೂ ಮಾತಾಡಿಕೊಂಡಿದ್ದು ಕೇಳಿ ಸಂತೋಷವಾಯಿತು ಮಗಳೇ. ನೀನು ಕಳಿಸಿದ ಎರಡು ಪುಟವನ್ನೂ ಓದಿದೆ. ಕಾಯಕಯೋಗಿ, ಅಜಾತಶತ್ರು, ಮಮತೆಯ ಮೂರ್ತಿ ಎಂದೆಲ್ಲ ಬರೆದಿದ್ದೀಯ. ಒಂದೂ ಸುಳ್ಳಲ್ಲ. ಆದರೆ ಆ ಎರಡು ಪುಟದಲ್ಲಿ ಒಂದು ಬಾಚಿಯಿಲ್ಲ, ಒಂದು ಉಳಿಯಿಲ್ಲ, ಮರದ ಒಂದು ಚಕ್ಕೆಯೂ ಬಿದ್ದಿಲ್ಲ. ಮೇಲಿನ ಫೋಟೊ ಬದಲಿಸಿದರೆ ಅದೇ ಬರಹ ಯಾವ ಊರಿನ ಯಾವ ಹಿರಿಯರಿಗಾದರೂ ಸಲ್ಲುತ್ತದೆ. ನಿಮ್ಮಪ್ಪ ಬಡಗಿ. ಹುಡುಗನಾಗಿದ್ದಾಗ ಕೊಡತಿ ಹಿಡಿದವರು, ಕೈ ನಡುಗುವ ತನಕ ಕೆಳಗಿಡಲಿಲ್ಲ. ಅವರನ್ನು ಅವರ ಕೆಲಸದ ಮೂಲಕ ನೆನೆಯಿರಿ ಎನ್ನುವುದು ನನ್ನ ಮಾತು. ಮನೆಯವರ ಮೇಲೆ ಅವರಿಗಿದ್ದ ಪ್ರೀತಿಯನ್ನು ಬೇರೆ ಅಧ್ಯಾಯ ಮಾಡಿ ಬರೆಯುವುದು ಬೇಕಿಲ್ಲ. ಕೆಲಸವನ್ನು ಸರಿಯಾಗಿ ಬರೆದರೆ ಅದರೊಳಗೇ ಅದು ಸಿಗುತ್ತದೆ.

ತಡಮಾಡಬೇಡಿ. ಅವರು ಹೆಚ್ಚೇನೂ ಬರೆದಿಟ್ಟವರಲ್ಲ. ಬಲ್ಲದ್ದೆಲ್ಲ ಕೈಯಲ್ಲಿತ್ತು, ಕೈಯ ಜೊತೆಗೇ ಹೋಯಿತು. ಉಳಿದಿರುವುದು ನಿಮ್ಮಮ್ಮನಲ್ಲಿ, ಕುಲುಮೆಯ ಅಜ್ಜನಲ್ಲಿ, ಜೊತೆಗೆ ಕೆಲಸ ಕಲಿತ ಹುಡುಗನಲ್ಲಿ, ಅವರ ಕೈಯಲ್ಲಿ ನೇಗಿಲು ಮಾಡಿಸಿಕೊಂಡ ಮೇಲಿನ ಬೀದಿಯ ನಾಲ್ಕಾರು ರೈತರಲ್ಲಿ. ಅವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ. ಪುಸ್ತಿಕೆಯ ಮುಖಪುಟಕ್ಕೆ ಯಾವ ಬಣ್ಣ ಎಂದು ಆಮೇಲೆ ಯೋಚಿಸಬಹುದು.

ತಾತನ ಕಾಲದಿಂದ ಶುರುಮಾಡಿ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರು ಇರುತ್ತಿದ್ದರೆಂದು ಶಾಲೆಯಲ್ಲಿ ನಿನಗೆ ನಾನೇ ಪಾಠ ಮಾಡಿದ್ದೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ, ಜೋಯಿಸ. ಊರಿಂದ ಊರಿಗೆ ಪಟ್ಟಿಯಲ್ಲಿ ಒಂದೆರಡು ಹೆಸರು ಆಚೀಚೆ. ಇದು ಪರೀಕ್ಷೆಗೆ ಉರುಹೊಡೆಯುವ ಪಟ್ಟಿ ಅಂದುಕೊಂಡಿದ್ದೆ ನೀನು, ಆದರೆ ಅದರಲ್ಲಿ ನಿಮ್ಮ ಮನೆಯೂ ಇತ್ತು. ಬಡಗಿಗೆ ಇಂಥ ಕೆಲಸಕ್ಕೆ ಇಷ್ಟು ಎಂಬ ಕೂಲಿ ಇರಲಿಲ್ಲ. ವರ್ಷವಿಡೀ ನೇಗಿಲು, ನೊಗ, ಕುಂಟೆ, ಕೂರಿಗೆ ಮಾಡಿಕೊಡುವುದು, ಮುರಿದರೆ ಸರಿಪಡಿಸುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಗಿಯಲ್ಲಿ ಆಯ ತರುವುದು. ಮಳೆ ಕೈಕೊಟ್ಟ ವರ್ಷ ರೈತನ ಮನೆಯ ಜೊತೆ ಬಡಗಿಯ ಮನೆಯ ಗುಡಾಣವೂ ಬರಿದು. ನಿಮ್ಮಪ್ಪ ಹುಡುಗನಾಗಿ ಚೀಲ ಹಿಡಿದು ತಾತನ ಹಿಂದೆ ಕಣದಿಂದ ಕಣಕ್ಕೆ ತಿರುಗಿದವರು. ರಾಶಿ ಅಳೆಯುವ ತನಕ ಕಣದ ಅಂಚಿನಲ್ಲಿ ನಿಂತಿರಬೇಕಿತ್ತು. ಅದು ಅವರ ಮನಸ್ಸಿಗೆ ಎಷ್ಟು ಚುಚ್ಚಿತ್ತೆಂದರೆ, ‘ಮಾಡಿದ ಕೆಲಸಕ್ಕೆ ಕೈಯೊಡ್ಡಿ ನಿಲ್ಲಬಾರದು ಮೇಷ್ಟ್ರೇ’ ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ. ತಮ್ಮ ಕೈಗೆ ಕಸುಬು ಬಂದ ಮೇಲೆ ಆಯ ಬಿಟ್ಟು ದುಡ್ಡಿಗೆ ಕೆಲಸ ಮಾಡತೊಡಗಿದರು. ಊರಲ್ಲಿ ಕೆಲವರಿಗೆ ಸಿಟ್ಟು ಬಂತು. ತಾತನಿಗೂ ಬಂತು. ಅಪ್ಪ ಮಗ ಕೆಲವು ಕಾಲ ಮಾತು ಬಿಟ್ಟಿದ್ದರು. ಇದನ್ನು ಪುಸ್ತಿಕೆಯಲ್ಲಿ ಬರೆಯಿರಿ. ಹಿರಿಯರ ಮಾತು ಮೀರದವರು ಎಂದು ನೀನು ಬರೆದಿರುವ ಸಾಲಿಗಿಂತ ಇದರಲ್ಲಿ ಅವರು ಹೆಚ್ಚು ಕಾಣುತ್ತಾರೆ.

ಅವರು ಮಾಡಿದ ವಸ್ತುಗಳ ಪಟ್ಟಿ ಮಾಡಲು ಹೊರಟರೆ ಎಲ್ಲಿ ಮುಗಿಯುತ್ತದೆಯೋ ಗೊತ್ತಿಲ್ಲ. ಊರಿನ ತೊಟ್ಟಿಲು, ಹಸೆಮಣೆ, ಈಳಿಗೆಮಣೆ, ಕಡಗೋಲು, ಒನಕೆ, ಶಾವಿಗೆ ಒರಳು, ಚಕ್ಕುಲಿ ಒತ್ತು, ಅಟ್ಟದ ಏಣಿ. ಹೊಲಕ್ಕೆ ಬೇಕಾದ್ದು ಬೇರೆ. ಜಾತ್ರೆಗೆ ಮೊದಲು ತೇರಿನ ಗಾಲಿ ನೋಡುವುದು ಬೇರೆ. ಒಂದು ಭಾನುವಾರ ಫೋನ್ ಹಿಡಿದು ಮನೆಮನೆಗೆ ಹೋಗಿ. ‘ಅಪ್ಪ ಮಾಡಿದ್ದು ನಿಮ್ಮ ಮನೇಲಿ ಏನಿದೆ’ ಎಂದು ಕೇಳಿದರೆ ಸಾಕು, ಜನ ತಾವೇ ಒಳಗಿಂದ ತಂದು ತೋರಿಸುತ್ತಾರೆ. ಫೋಟೊ ತೆಗೆದುಕೊಳ್ಳಿ, ಯಾರ ಮನೆ, ಯಾವ ಮರ, ಯಾವ ಸಂದರ್ಭಕ್ಕೆ ಮಾಡಿಸಿದ್ದು ಎಂದು ಕೆಳಗೆ ಬರೆದುಕೊಳ್ಳಿ. ಯಾವ ಮರ ಎಂದು ಕೇಳಲು ಮರೆಯಬೇಡಿ. ನೊಗಕ್ಕೆ ಹಗುರದ ಮರ ನೋಡುತ್ತಿದ್ದರು, ಎತ್ತಿನ ಹೆಗಲ ಮೇಲೆ ಕೂರುವಂಥದ್ದು. ನೇಗಿಲಿಗೂ ಗಾಡಿಗೂ ಜಾಲಿ. ಬಾಗಿಲಿಗೆ ಅನುಕೂಲವಿದ್ದವರು ತೇಗ, ಹೊನ್ನೆ, ಇಲ್ಲದವರು ಹಲಸು, ಬೇವು. ಮರವನ್ನು ಬೆಳುದಿಂಗಳಲ್ಲಿ ಕಡಿದರೆ ಹುಳು ಹಿಡಿಯುತ್ತದೆಂದು ನಂಬಿದ್ದರು, ಅಮಾವಾಸ್ಯೆ ಹತ್ತಿರ ಬರುವ ತನಕ ಕಾಯಿಸುತ್ತಿದ್ದರು. ಹಾಗೆ ಕಾಯಿಸಿಕೊಂಡವರಲ್ಲಿ ನಾನೂ ಒಬ್ಬ. ನಮ್ಮ ಮನೆಯ ಪಡಸಾಲೆಯ ಬಾಗಿಲು ಇವತ್ತಿಗೂ ಮಳೆಗಾಲದಲ್ಲಿ ಬಿಗಿಯುವುದಿಲ್ಲ, ಬೇಸಿಗೆಯಲ್ಲಿ ಸಂದು ಬಿಡುವುದಿಲ್ಲ. ಬಂದು ನೋಡಿ. ಚೌಕಟ್ಟಿನ ಮೂಲೆಗಳಲ್ಲಿ ಒಂದು ಮೊಳೆಯೂ ಇಲ್ಲ, ಕಚ್ಚು ಕೂರಿಸಿ ಬೆಣೆ ಹೊಡೆದದ್ದು.

ಉಳಿದದ್ದನ್ನು ಬೇಕಾದರೆ ಚಿಕ್ಕದಾಗಿ ಬರೆಯಿರಿ, ಗಾಡಿಚಕ್ರದ ಕೆಲಸವನ್ನು ಮಾತ್ರ ಪೂರ್ತಿ ಬರೆಯಿರಿ. ನಿಮ್ಮಿಬ್ಬರಿಗೂ ಅದು ಸರಿಯಾಗಿ ನೆನಪಿರಲಾರದು. ನೀವು ಬುದ್ಧಿ ಬಂದು ನೋಡುವ ಹೊತ್ತಿಗೆ ಟೈರ್ ಗಾಡಿ ಬಂದಿತ್ತು, ಅದರ ಹಿಂದೆಯೇ ಟ್ರ್ಯಾಕ್ಟರ್. ಚಕ್ರದ ನಡುವೆ ಗುಂಬ, ಅದರಿಂದ ಹೊರಟ ಅರೆಕಾಲು, ಅವು ಹೋಗಿ ಕೂರುವ ಅಂಚಿನ ಬಾಗುಮರ. ಹನ್ನೆರಡು ಅರೆಕಾಲಿನ ಚಕ್ರವಾದರೆ ಬಾಗುಮರ ಆರು, ಒಂದೊಂದಕ್ಕೆ ಎರಡೆರಡು ಅರೆಕಾಲು. ಎಲ್ಲ ಜಾಲಿಯದ್ದೇ, ಅದೂ ಕಡಿದು ನೆರಳಲ್ಲಿ ಒಣಗಿಸಿಟ್ಟದ್ದು. ಹಸಿ ಮರ ಹಾಕಿದರೆ ಮೊದಲ ಬೇಸಿಗೆಗೇ ಸೊರಗಿ ಸಡಿಲವಾಗುತ್ತದೆ. ಅರೆಕಾಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಸೊಟ್ಟ ಇದೆಯೋ ನೋಡುತ್ತಿದ್ದರು. ನೋಡಿ ಪಕ್ಕಕ್ಕಿಟ್ಟರೆ ಅದು ಒಲೆಗೇ. ಗಿರಾಕಿ ‘ಇರಲಿ ಹಾಕಿ, ಏನಾಗೋದಿಲ್ಲ’ ಎಂದರೂ ಕೇಳುತ್ತಿರಲಿಲ್ಲ.

ಮರದ ಕೆಲಸ ಮುಗಿದ ಮೇಲೆ ಹಳಿ ಕಟ್ಟುವ ದಿನ. ಅದು ಬಡಗಿ, ಕಮ್ಮಾರ ಇಬ್ಬರೂ ಸೇರಿ ಮಾಡುವ ಕೆಲಸ. ಕಬ್ಬಿಣದ ಹಳಿಯ ಸುತ್ತಳತೆ ಚಕ್ರದ ಸುತ್ತಳತೆಗಿಂತ ತುಸು ಕಡಿಮೆ ಇರಬೇಕು. ಆ ‘ತುಸು’ ಎಷ್ಟು ಎನ್ನುವುದರಲ್ಲೇ ವಿದ್ಯೆಯೆಲ್ಲ ಇತ್ತು. ಕಡಿಮೆ ಮಾಡಿದ್ದು ಹೆಚ್ಚಾದರೆ ಹಳಿ ಬಿಗಿದು ಅರೆಕಾಲು ಬಾಗುತ್ತದೆ, ಸೀಳುವುದೂ ಉಂಟು. ಸಾಲದೆ ಹೋದರೆ ಕಲ್ಲುದಾರಿಯಲ್ಲಿ ನಾಲ್ಕು ದಿನ ಓಡುವಷ್ಟರಲ್ಲಿ ಕಳಚಿಕೊಳ್ಳುತ್ತದೆ. ನಿಮ್ಮ ಮನೆಯ ಹಿತ್ತಲಲ್ಲಿ ಹಳಿಯನ್ನು ನೆಲಕ್ಕೆ ಹಾಸಿ, ಸುತ್ತ ಬೆರಣಿ, ತೆಂಗಿನ ಚಿಪ್ಪು, ಸೌದೆ ಜೋಡಿಸಿ ಬೆಂಕಿ ಹಾಕುತ್ತಿದ್ದರು. ಕಾದ ಕಬ್ಬಿಣ ಹಿಗ್ಗುತ್ತದೆ ಎಂದು ನಾನು ತರಗತಿಯಲ್ಲಿ ಹೇಳಿದ್ದನ್ನು ಮಕ್ಕಳು ಕಣ್ಣಾರೆ ಕಾಣುತ್ತಿದ್ದುದು ಅಲ್ಲಿ. ಹಳಿ ಕೆಂಪಾದ ಮೇಲೆ ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಇಳಿಸಬೇಕು, ಒಂದೇ ಏಟಿಗೆ, ಸಮನಾಗಿ. ಮರಕ್ಕೆ ತಾಕಿದ ಕೂಡಲೇ ಅಂಚು ಹತ್ತಿಕೊಂಡು ಉರಿಯುತ್ತದೆ. ಸುತ್ತಿಗೆಯವರು ಸುತ್ತ ಬಡಿದು ಕೂರಿಸುವಷ್ಟರಲ್ಲಿ ಕೊಡಗಟ್ಟಲೆ ನೀರು ಸುರಿಯುವುದು. ಹೊಗೆ, ಆವಿ, ಕೂಗಾಟ. ತಣ್ಣಗಾಗುತ್ತ ಹಳಿ ಕುಗ್ಗುವಾಗ ಒಂದೊಂದೇ ಕಚ್ಚು ಒಳಕ್ಕೆ ಸರಿದು ಬಿಗಿಯುವ ಸದ್ದು ಕೇಳುತ್ತದೆ. ಆಗ ನಿಮ್ಮಪ್ಪ ಎಲ್ಲರಿಗೂ ಸುಮ್ಮನಿರುವಂತೆ ಕೈಸನ್ನೆ ಮಾಡಿ, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿಗೊಡುತ್ತಿದ್ದರು. ಎಲ್ಲ ಕಚ್ಚೂ ಬಿಗಿದವೋ ಇಲ್ಲವೋ ಸದ್ದಿನಿಂದಲೇ ತಿಳಿಯುತ್ತಿತ್ತು ಅವರಿಗೆ. ತಿಳಿದ ಮೇಲೆ ಎದ್ದು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ‘ಆಯ್ತು’ ಅಂದರೆ ಆಯಿತು. ಆ ಅಳತೆ, ಹಳಿ ಎಷ್ಟು ಕಿರಿದಿರಬೇಕು ಎನ್ನುವುದು, ನನಗೆ ಗೊತ್ತಿಲ್ಲ. ಎಷ್ಟು ಸಲ ನಿಂತು ನೋಡಿದರೂ ಕೇಳಬೇಕೆಂದು ತೋಚಲಿಲ್ಲ.

ಗಾಡಿ ಕೆಲಸ ನಿಂತ ಮೇಲೆ ಬಾಗಿಲು ಕಿಟಕಿ ಹಿಡಿದರು. ಹತ್ತು ಹದಿನೈದು ವರ್ಷ ಅದು ನಡೆಯಿತು. ಆಮೇಲೆ ಫ್ಲಷ್ ಡೋರ್ ಬಂತು, ಪ್ಲೈವುಡ್ ಬಂತು, ಕಬ್ಬಿಣದ ಕಿಟಕಿ ಬಂತು. ಅಂಗಡಿಯಲ್ಲಿ ಸಿದ್ಧ ಬಾಗಿಲು ಸಿಗುವಾಗ ಮರ ಒಣಗಲಿ ಎಂದು ಕಾಯುವವರು ಯಾರು? ನೀನು ಪಿಯುಸಿ ಸೇರುವ ಹೊತ್ತಿಗೆ ನಿಮ್ಮಪ್ಪ ಬೆಂಗಳೂರಿಗೆ ಹೋದರು. ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆಯ ಕಪಾಟು, ವಾರ್ಡ್‌ರೋಬ್ ಜೋಡಿಸುವ ದಿನಗೂಲಿ. ಆ ವಯಸ್ಸಿನಲ್ಲಿ, ತಮ್ಮ ಮಗನ ವಯಸ್ಸಿನ ಕಂಟ್ರಾಕ್ಟರ್ ಕೈಕೆಳಗೆ. ತೊಲೆ ಕೆತ್ತಿದ ಕೈ ಪ್ಲೈವುಡ್ಡಿಗೆ ಲ್ಯಾಮಿನೇಟ್ ಅಂಟಿಸಿತು. ಇನ್ನೂ ಬಾಗಿಲಿಲ್ಲದ ಫ್ಲಾಟಿನಲ್ಲಿ ಸಿಮೆಂಟು ಚೀಲ ಹಾಸಿ ಮಲಗುತ್ತಿದ್ದರು, ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸಿಗೆ ಊರಿಗೆ ಬರುತ್ತಿದ್ದರು. ಒಂದು ಕಡೆ ಎರಡು ತಿಂಗಳ ಕೂಲಿ ಬರಲೇ ಇಲ್ಲ. ನಿಮಗೆ ಹೇಳಿರಲಾರರು, ನಿಮ್ಮಮ್ಮನಿಗೆ ಹೇಳಿದ್ದರು. ಆ ಸಲ ನಿನ್ನ ಕಾಲೇಜಿನ ಶುಲ್ಕ ಕಟ್ಟಿದ್ದು ಯಾವುದರಿಂದ ಎಂದು ಅಮ್ಮನನ್ನೇ ಕೇಳು. ತಾತನ ಕಾಲದ ಬೀಟೆಮರದ ಪೆಟ್ಟಿಗೆಯೊಂದು ನಿಮ್ಮ ಮನೆಯ ನಡುಮನೆಯಲ್ಲಿ ಇತ್ತಲ್ಲ, ಅದು ಈಗ ಯಾಕಿಲ್ಲ ಎಂದೂ ಕೇಳು.

ಇಷ್ಟು ಕಷ್ಟಪಟ್ಟವರು ಮಗನಿಗೆ ಮಾತ್ರ ಕಸುಬು ಕಲಿಸಲಿಲ್ಲ. ಇದು ನಿನ್ನ ಅಣ್ಣನನ್ನು ಒಳಗೊಳಗೇ ಕೊರೆಯುತ್ತಿದೆ ಎಂದು ನನಗೆ ಗೊತ್ತು. ಉತ್ತರಕ್ರಿಯೆಯ ದಿನ ಕೊಟ್ಟಿಗೆಯಲ್ಲಿ ನಿಂತು ಆಯುಧಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದ. ‘ನನಗೊಂದು ಮೊಳೆ ನೆಟ್ಟಗೆ ಹೊಡೆಯಲು ಬರೋದಿಲ್ಲ ಮೇಷ್ಟ್ರೇ, ಎಂಥ ಮಗ ನಾನು’ ಅಂದ. ಹುಡುಗನಾಗಿದ್ದಾಗ ಅವನು ಉಳಿ ಮುಟ್ಟಿದರೆ ಅಪ್ಪ ಬೈಯುತ್ತಿದ್ದರು. ‘ಪುಸ್ತಕ ಹಿಡಿ ಹೋಗು’ ಅನ್ನುತ್ತಿದ್ದರು. ನಿನ್ನನ್ನಂತೂ ಕೆಲಸದ ಜಾಗಕ್ಕೆ ಸೇರಿಸುತ್ತಲೇ ಇರಲಿಲ್ಲ, ಹೆಣ್ಣುಮಕ್ಕಳಿಗೆ ಇದು ಹೇಳಿದ್ದಲ್ಲ ಎನ್ನುತ್ತಿದ್ದರು. ಆ ಮಾತು ತಪ್ಪು. ಅವರ ಮುಂದೆಯೇ ಹಾಗಂದಿದ್ದೇನೆ. ನಿನಗೆ ಆಸೆಯಿತ್ತು, ಕೈಯೂ ಓಡುತ್ತಿತ್ತು. ಆದರೆ ಮಗನನ್ನು ದೂರ ಇಟ್ಟದ್ದರ ಕಾರಣ ಬೇರೆ. ಕಣದ ಅಂಚಿನಲ್ಲಿ ನಿಂತ ಹುಡುಗ ಅವರೊಳಗೆ ಕೊನೆಯ ತನಕ ಇದ್ದ. ತನ್ನ ಮಗ ಎಲ್ಲೂ ಹಾಗೆ ನಿಲ್ಲಬಾರದು ಎನ್ನುವುದೊಂದೇ ಹಟ. ಕಲಿಸಿದ್ದರೆ ಕೈಗೆ ಆಸರೆಯಾಗುತ್ತಿದ್ದ, ಆಳಿನ ಕೂಲಿ ಉಳಿಯುತ್ತಿತ್ತು, ತಾತ ಮುತ್ತಾತರಿಂದ ಬಂದ ವಿದ್ಯೆಯೂ ಉಳಿಯುತ್ತಿತ್ತು. ಅವರಿಗೆ ಇದೆಲ್ಲ ತಿಳಿಯದೆ ಇರಲಿಲ್ಲ. ತಮ್ಮ ಕಸುಬನ್ನು ಪ್ರಾಣದಂತೆ ಕಂಡ ಮನುಷ್ಯ ಅದನ್ನು ತಮ್ಮ ಕೈಯಲ್ಲೇ ಮುಗಿಸಲು ಒಪ್ಪಿಕೊಂಡರು, ನೀವಿಬ್ಬರೂ ನೆರಳಲ್ಲಿ ಕೂತು ದುಡಿಯಲೆಂದು. ಮನೆಗೆ ಅವರು ಕೊಟ್ಟ ಎಲ್ಲದಕ್ಕಿಂತ ದೊಡ್ಡದು ಇದು ಎಂದು ನನಗೆ ಅನ್ನಿಸುತ್ತದೆ. ಅಣ್ಣನಿಗೆ ಹೇಳು, ಮೊಳೆ ಹೊಡೆಯಲು ಬಾರದ್ದಕ್ಕೆ ಕೊರಗಬೇಕಿಲ್ಲ. ಅಪ್ಪ ಬಯಸಿದ್ದು ಅದನ್ನೇ. ಆದರೆ ಆ ವಿದ್ಯೆಯ ಬದಲಿಗೆ ಓದು ಬರಹ ಬಂತಲ್ಲ, ಆ ಬರಹದಿಂದ ವಿದ್ಯೆಯನ್ನು ಉಳಿಸುವ ಕೆಲಸ ಈಗ ನಿಮ್ಮದು.

ಮಗಳನ್ನು ಕೆಲಸದ ಜಾಗಕ್ಕೆ ಸೇರಿಸದವರು ಮಗಳಿಗಾಗಿ ಮಾಡಿದ್ದೂ ಒಂದಿದೆ. ನೀನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಓದಲು ಮಾಡಿಕೊಟ್ಟ ಇಳಿಜಾರು ಮೇಜು ಈಗಲೂ ಅಟ್ಟದ ಮೇಲೆ ಇರಬೇಕು. ಇಳಿಸಿ ನೋಡು. ಮೇಲಿನ ಹಲಗೆ ಹಲಸು, ಕಾಲು ಬೇವು, ಒಳಗಿನ ಪಟ್ಟಿ ಯಾವುದೋ ಪ್ಯಾಕಿಂಗ್ ಪೆಟ್ಟಿಗೆಯದ್ದು. ಎಲ್ಲ ಬೇರೆಯವರ ಕೆಲಸದಲ್ಲಿ ಉಳಿದ ತುಂಡು. ನೀನು ಎಡಗೈಯಲ್ಲಿ ಬರೆಯುವವಳು. ನಾನು ಶಾಲೆಯಲ್ಲಿ ಬೆಂಚಿನ ಎಡತುದಿಯಲ್ಲೇ ಕೂರಿಸುತ್ತಿದ್ದೆ, ಪಕ್ಕದವಳಿಗೆ ಮೊಣಕೈ ತಾಗದಿರಲಿ ಎಂದು. ನಿಮ್ಮಪ್ಪ ಆ ಮೇಜಿನಲ್ಲಿ ಪೆನ್ನಿಡುವ ತೋಡನ್ನು ಎಡಕ್ಕೆ ತೋಡಿದ್ದಾರೆ, ಮೊಣಕೈ ಊರುವ ಅಂಚನ್ನು ಎಡಬದಿಯಲ್ಲಿ ಅರ ಹಾಕಿ ದುಂಡಗೆ ಮಾಡಿದ್ದಾರೆ. ಬಲಬದಿಯ ಅಂಚು ಹಾಗೇ ಚೂಪಾಗಿದೆ. ನಿನಗೆ ಈ ವಿಷಯ ಅವರು ಎಂದೂ ಹೇಳಿರಲಾರರು, ನಾನೂ ಒಮ್ಮೆ ನಿಮ್ಮ ಮನೆಗೆ ಬಂದಾಗ ಆ ಮೇಜಿನ ಮೇಲೆ ಕೈಯಿಟ್ಟೇ ಕಂಡುಕೊಂಡದ್ದು. ‘ಮಮತೆಯ ಮೂರ್ತಿ’ ಎಂದು ಬರೆದ ಜಾಗದಲ್ಲಿ ಇದನ್ನು ಬರೆ.

ದೊಡ್ಡ ಕೆಲಸ ಮಾಡಿದವರ ಹೆಸರೇ ಉಳಿಯುವುದಿಲ್ಲ, ಹಳ್ಳಿ ಬಡಗಿಯ ಹೆಸರು ಯಾರಿಗೆ ಬೇಕು ಎಂದು ನಿಮ್ಮ ಚಿಕ್ಕಪ್ಪ ಅಂದರಂತೆ. ಒಂದು ಸಲ ಅವರನ್ನು ಬೇಲೂರಿಗೆ ಕರೆದುಕೊಂಡು ಹೋಗಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಗಳ ಪೀಠದ ಮೇಲೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯಿಂದ ಬಂದ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ಅಪ್ಪ ಮಗ ಒಂದೇ ಗುಡಿಯಲ್ಲಿ ಉಳಿ ಹಿಡಿದಿದ್ದರು. ಒಂಬೈನೂರು ವರ್ಷವಾದರೂ ಇಂಥವನ ಮಗ ಇಂಥವನು ಎಂದು ನಾವು ಓದುತ್ತೇವೆ. ನೂರೈವತ್ತು ವರ್ಷದ ತರುವಾಯ ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ಹಾಗೇ ಹೆಸರು ಕೆತ್ತಿದ. ಕಲ್ಲಿನವರಿಗೆ ಆ ಅನುಕೂಲವಿತ್ತು. ಮರ ಗೆದ್ದಲಿಗೆ, ಒಲೆಗೆ, ಗುಜರಿಗೆ ಹೋಗುತ್ತದೆ. ರಾಮನಗರದ ಜಾನಪದ ಲೋಕದಲ್ಲಿ, ಮೈಸೂರು ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮರದ ಸಾಮಾನುಗಳ ಮುಂದೆ ನಿಂತಾಗಲೆಲ್ಲ ಇದನ್ನು ಕೆತ್ತಿದವನ ಮನೆಮಂದಿ ಯಾರಿರಬಹುದು ಎಂದು ನನಗೆ ಸಂಕಟವಾಗುತ್ತದೆ. ನಿಮ್ಮಪ್ಪ ಮಾಡಿದ ವಸ್ತುಗಳ ಫೋಟೊದ ಕೆಳಗೆ ಅವರ ಹೆಸರು ಅಚ್ಚಾದರೆ ಅದು ದೊಡ್ಡಸ್ತಿಕೆಯಲ್ಲ, ನ್ಯಾಯ.

ಅವರೇ ಬರೆದಿಟ್ಟದ್ದೂ ಸ್ವಲ್ಪ ಇದೆ. ಆಯುಧದ ಪೆಟ್ಟಿಗೆಯ ಮುಚ್ಚಳದ ಒಳಗೆ ಸಿಕ್ಕಿಸಿರುತ್ತಿದ್ದ ಉದ್ದನೆಯ ಲೆಕ್ಕದ ಪುಸ್ತಕ ಹುಡುಕಿ. ಅದರಲ್ಲಿ ಬಾಕಿ ಕೊಡಬೇಕಾದವರ ಹೆಸರಿನ ನಡುವೆ ಮನೆಯ ಆಯದ ಲೆಕ್ಕಗಳೂ ಇವೆ. ಇದು ಕಣದ ಆಯವಲ್ಲ, ಮನೆಯ ಅಳತೆಯದ್ದು. ಅಳತೆಯನ್ನು ಲೆಕ್ಕ ಹಾಕಿ ಎಂಟರಿಂದ ಭಾಗಿಸಿ ಉಳಿದ ಶೇಷ ನೋಡುವುದು. ಒಂದು ಉಳಿದರೆ ಧ್ವಜಾಯ, ಮೂರಾದರೆ ಸಿಂಹಾಯ, ಐದು ವೃಷಭಾಯ, ಏಳು ಗಜಾಯ, ಇವು ಶುಭ. ಸಮಸಂಖ್ಯೆ ಬಂದರೆ ಒಂದೆರಡು ಅಂಗುಲ ಹೆಚ್ಚು ಕಡಿಮೆ ಮಾಡಿ ಕೂಡಿಸುವುದು. ನೀವು ಇದನ್ನು ನಂಬಬೇಕೆಂದಿಲ್ಲ. ಆದರೆ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು ಈ ಗುಣಾಕಾರ ಭಾಗಾಕಾರವನ್ನು ಬಾಯಲ್ಲೇ ಮುಗಿಸುತ್ತಿದ್ದರು, ಗಣಿತದ ಮೇಷ್ಟ್ರಾದ ನಾನು ಪಕ್ಕದಲ್ಲಿ ಕಾಗದ ಹಿಡಿದು ತಾಳೆ ನೋಡುತ್ತಿದ್ದೆ. ತಪ್ಪಿದ್ದು ಕಾಣೆ. ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿಸಿಡಿ, ಎರಡು ಪುಟ ಅಚ್ಚಿಗೂ ಹಾಕಿ. ಬಾಕಿದಾರರ ಹೆಸರು ಮಾತ್ರ ಮುಚ್ಚಿ. ಅವರು ಬದುಕಿದ್ದಾಗ ಯಾರನ್ನೂ ನಡುಬೀದಿಯಲ್ಲಿ ಬಾಕಿ ಕೇಳಿದವರಲ್ಲ.

ಅವರ ಕೋಪವನ್ನೂ ಬರೆಯಿರಿ. ಕೆಲಸ ಕಲಿಯಲು ಬಂದ ಹುಡುಗರ ಕಿವಿ ಹಿಂಡುತ್ತಿದ್ದರು. ಹದ ಹಾಕಿಟ್ಟ ಉಳಿಯನ್ನು ಯಾರಾದರೂ ನೆಲದ ಮೇಲೆ ಇಟ್ಟರೆ ಅವತ್ತು ಮಧ್ಯಾಹ್ನದ ತನಕ ಯಾರೊಂದಿಗೂ ಮಾತಿಲ್ಲ. ಚಿಕ್ಕಪ್ಪನ ಜೊತೆ ಒಂದು ಹಲಸಿನ ಮರದ ಪಾಲಿಗಾಗಿ ಜಗಳವಾಗಿ, ಎರಡು ಮನೆಯವರೂ ವರ್ಷಗಟ್ಟಲೆ ಒಬ್ಬರ ಹಬ್ಬಕ್ಕೆ ಒಬ್ಬರು ಹೋಗಲಿಲ್ಲ. ಸಾಲ ಮಾಡಿದ್ದರು, ಬಡ್ಡಿ ಕಟ್ಟಲು ಒದ್ದಾಡಿದ್ದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುವವರು ನಿಮ್ಮ ನೆಂಟರಲ್ಲಿ ಇದ್ದೇ ಇರುತ್ತಾರೆ. ಅವರ ಮಾತಿಗೆ ಗೌರವ ಕೊಡಿ, ಆದರೆ ಅದರಂತೆ ಬರೆಯಬೇಡಿ. ಬೈದು, ಸಾಲ ಮಾಡಿ, ಜಗಳವಾಡಿ, ಅಷ್ಟಾದರೂ ಬೆಳಗ್ಗೆ ನಾಲ್ಕೂವರೆಗೆ ಎದ್ದು ಸಾಣೆಕಲ್ಲಿಗೆ ನೀರು ಹಾಕಿದ ಮನುಷ್ಯನನ್ನೇ ನಿಮ್ಮ ಮಕ್ಕಳು ಓದಬೇಕು. ದೋಷವಿಲ್ಲದ ಮೂರ್ತಿಯನ್ನು ಓದಿ ಅವರಿಗೆ ಆಗಬೇಕಾದ್ದೇನಿದೆ?

ಕೊನೆಯ ವರ್ಷಗಳ ಕೆಮ್ಮನ್ನೂ ಬಿಡಬೇಡಿ. ಬಾಯಿಗೆ ಟವೆಲು ಕಟ್ಟಿಕೊಳ್ಳುತ್ತಿದ್ದರು, ಅದೂ ನೆನಪಾದಾಗ. ಪ್ಲೈವುಡ್ ಕೊಯ್ಯುವ ಯಂತ್ರದ ಮುಂದೆ ಅದು ಯಾತಕ್ಕೂ ಸಾಲದು. ಮರದ ಧೂಳು ಮೂಗಿನ ಭಾಗದಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ನಿಮ್ಮಪ್ಪನಿಗೆ ಆ ರೋಗವಿರಲಿಲ್ಲ, ಆದರೆ ಧೂಳು ಅವರನ್ನು ಸುಮ್ಮನೆ ಬಿಡಲಿಲ್ಲ. ಅವರ ಹೆಸರಿನಲ್ಲಿ ಅನ್ನದಾನ ಮಾಡಬೇಕೆಂದಿದ್ದೀರಿ. ಮಾಡಿ. ಅದರ ಜೊತೆಗೆ ತಾಲ್ಲೂಕಿನಲ್ಲಿ ಈ ಕೆಲಸ ಮಾಡುವ ಹುಡುಗರಿಗೆ ಒಳ್ಳೆಯ ಮಾಸ್ಕು ಕೊಡಿಸಿದರೆ ಅದೂ ಅವರ ತಿಥಿಗೆ ಸಲ್ಲುತ್ತದೆ.

ಆಯುಧಗಳ ವಿಚಾರ. ಗುಜರಿಯವನು ಬಂದು ಕೇಳಿ ಹೋದ ಎಂದೆಯಲ್ಲ, ಯಾವ ಕಾರಣಕ್ಕೂ ಕೊಡಬೇಡಿ. ಹಾಗೆಂದು ಗಾಜಿನ ಕಪಾಟಿನಲ್ಲಿ ಜೋಡಿಸಿ ಹೂವು ಏರಿಸುವುದೂ ಬೇಡ. ಕೆಲಸಕ್ಕೆ ಬರುವುದನ್ನು ಕಲಿತ ಹುಡುಗನಿಗೆ ಕೊಡಿ. ತೋಪಡ, ಗರಗಸ, ಬೈರಿಗೆ, ಮೂಲೆಮಟ್ಟ, ಉಳಿಗಳ ಜೊತೆ ಎಲ್ಲ ಅವನ ಕೈಗೆ ಒಗ್ಗುತ್ತವೆ. ಇವನ್ನು ಕೊಡುವಾಗಲೇ ಪಿಎಂ ವಿಶ್ವಕರ್ಮ ಯೋಜನೆಗೆ ಅವನ ಹೆಸರು ನೋಂದಾಯಿಸಲು ಅಣ್ಣ ಸಹಾಯ ಮಾಡಲಿ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಆ ಯೋಜನೆಯಲ್ಲಿ ಹೇಳಿರುವ ಹದಿನೆಂಟು ಕಸುಬುಗಳಲ್ಲಿ ಬಡಗಿಯದ್ದೂ ಇದೆ. ತರಬೇತಿ, ಸಲಕರಣೆಗೆ 15,000 ರೂಪಾಯಿ ತನಕ ನೆರವು, ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದ ತನಕ ಶೇಕಡಾ 5ರ ಬಡ್ಡಿಗೆ ಸಾಲ. ಆ ಹುಡುಗನಿಗೆ ಅರ್ಜಿ ತುಂಬಲು ಬರುವುದಿಲ್ಲ, ನಿಮಗೆ ಬರುತ್ತದೆ. ಬಾಚಿಯೊಂದನ್ನು ಮಾತ್ರ ಮನೆಯಲ್ಲಿಟ್ಟುಕೊಳ್ಳಿ. ತಾತನಿಂದ ಬಂದದ್ದು, ಹಿಡಿ ಎರಡು ಮೂರು ಸಲ ಬದಲಾಗಿದೆ, ಅಲಗು ಅದೇ. ಹಿಡಿಯಲ್ಲಿ ಹೆಬ್ಬೆರಳು ಕೂತು ಕೂತು ಒಂದು ಕಡೆ ತಗ್ಗಾಗಿದೆ. ಚೆಂದ ಕಾಣಲೆಂದು ಅದಕ್ಕೆ ಉಪ್ಪುಕಾಗದ ಹಾಕಿಸಬೇಡಿ, ವಾರ್ನಿಷ್ ಬಳಿಸಬೇಡಿ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮೊದಲು ಅಲಗಿಗೆ ಮೆಷಿನ್ ಎಣ್ಣೆ, ಹಿಡಿಗೆ ಒಂದಿಷ್ಟು ಅಗಸೆ ಎಣ್ಣೆ ಒರೆಸಿದರೆ ಸಾಕು. ನಿಮ್ಮ ಮಕ್ಕಳಿಗೆ ಅದನ್ನು ಹಿಡಿದು ನೋಡಲು ಬಿಡಿ. ನಿನ್ನ ಮಗಳಿಗೂ.

ಅಮ್ಮನ ಹತ್ತಿರ ಕೇಳುವುದನ್ನು ಅವಸರದಲ್ಲಿ ಮಾಡಬೇಡಿ. ನೆಂಟರ ನಡುವೆ ಕೂರಿಸಿ, ಮುಂದೆ ಫೋನ್ ಹಿಡಿದು ‘ಅಪ್ಪನ ಬಗ್ಗೆ ಎರಡು ಮಾತು ಹೇಳಮ್ಮ’ ಎಂದರೆ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಅಷ್ಟೆ. ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಒಂದೊಂದು ಆಯುಧ ಕೈಯಲ್ಲಿಟ್ಟು ಕೇಳಿ. ಆ ಕಸುಬಿನಲ್ಲಿ ಅವರ ಪಾಲೂ ಇದೆ. ಬಾಗಿಲಿಗೆ ಎಣ್ಣೆ ಹಚ್ಚಿದ್ದು ಅವರು, ಗರಗಸದ ಇನ್ನೊಂದು ತುದಿ ಹಿಡಿದು ದಿಮ್ಮಿ ಕೊಯ್ಯಿಸಿದ್ದು ಅವರು, ಬಾಕಿ ವಸೂಲಿಗೆ ಹೋಗಲು ನಾಚುತ್ತಿದ್ದ ಗಂಡನ ಬದಲು ಮನೆಮನೆಗೆ ಹೋದದ್ದೂ ಅವರೇ. ಅಪ್ಪನ ಪುಸ್ತಿಕೆಯಲ್ಲಿ ಅಮ್ಮನ ಹೆಸರು ‘ಧರ್ಮಪತ್ನಿ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋದರೆ ನಾನು ಒಪ್ಪುವುದಿಲ್ಲ. ಕೈಹಿಡಿದವರ ಬದುಕನ್ನು ಬಿಟ್ಟು ಆ ಮನುಷ್ಯನ ಬದುಕು ಬರೆಯಲು ಬರುವುದಿಲ್ಲ.

ನನ್ನ ನಾಲ್ಕು ಮಾತು ನೀವು ಬರೆದು ಮುಗಿಸಿದ ಮೇಲೆ ಕಳಿಸುತ್ತೇನೆ. ನೀವು ಬಿಟ್ಟದ್ದು ನನಗೆ ಗೊತ್ತಿದ್ದರೆ ಅದನ್ನೇ ಬರೆಯುತ್ತೇನೆ. ಸದ್ಯಕ್ಕೆ ಈ ಭಾನುವಾರ ಅಣ್ಣನನ್ನು ಕರೆದುಕೊಂಡು ಮೊದಲು ಕುಲುಮೆಯ ಅಜ್ಜನ ಮನೆಗೆ ಹೋಗಿ. ಎಂಬತ್ತು ದಾಟಿದೆ, ಮಧ್ಯಾಹ್ನದ ಮೇಲೆ ನಿದ್ದೆ ಹೋಗುತ್ತಾರೆ, ಹತ್ತು ಗಂಟೆಯೊಳಗೆ ಹೋಗಬೇಕು. ಗಾಡಿಚಕ್ರಕ್ಕೆ ಹಳಿ ಕಟ್ಟುವಾಗ ಎಷ್ಟು ಕಿರಿದು ಮಾಡುತ್ತಿದ್ದಿರಿ, ಅದನ್ನು ಅಳೆಯುತ್ತಿದ್ದುದು ಹೇಗೆ, ಕೊನೆಯ ಮಾತು ನಿಮ್ಮದೋ ಅಪ್ಪನದೋ ಎಂದು ಕೇಳಿ. ಅಳತೆಯನ್ನು ಅವರು ಬೆರಳಲ್ಲಿ ತೋರಿಸಬಹುದು, ಹಾಗಾಗಿ ಟೇಪು ತೆಗೆದುಕೊಂಡು ಹೋಗಿ. ಬಲಗಡೆ ಕೂತು ಜೋರಾಗಿ ಮಾತಾಡಿ, ಅವರಿಗೆ ಎಡಗಿವಿ ಕೇಳಿಸುವುದಿಲ್ಲ.